ಬೀಳುವ ತನಕ ನಿಂತಿದ್ದ ಸೇತುವೆ

ಒಂದು ಹಸಿರು ಲಾರಿಯ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. 2018ರ ಆಗಸ್ಟ್ ತಿಂಗಳಲ್ಲಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಅದು ಬಂದಿತ್ತು. ಬಹಳ ಎತ್ತರದ ಸೇತುವೆಯೊಂದರ ಮೇಲೆ ಲಾರಿ ನಿಂತಿದೆ. ಅದರ ಮುಂದೆ ಕೆಲವೇ ಮೀಟರು ರಸ್ತೆ. ಅಲ್ಲಿಂದಾಚೆ ರಸ್ತೆಯೇ ಇಲ್ಲ, ಬರೀ ಮಳೆ ಮತ್ತು ಮಬ್ಬು. ಚಾಲಕ ಇಳಿದು ಓಡಿಹೋಗಿದ್ದಾನೆ. ಇಂಜಿನ್ ಆರಿಸುವಷ್ಟೂ ವ್ಯವಧಾನ ಅವನಿಗಿರಲಿಲ್ಲ, ವೈಪರ್ ಮಾತ್ರ ಗಾಜಿನ ಮೇಲಿನ ನೀರನ್ನು ಒರೆಸುತ್ತಲೇ ಇತ್ತು. ಒಂದು ಕಾರು ತನ್ನನ್ನು ಹಿಂದಿಕ್ಕಿ ಮುಂದೆ ಹೋದುದರಿಂದ ವೇಗ ತಗ್ಗಿಸಿದ್ದೆ, ಅದರಿಂದಲೇ ಉಳಿದೆ ಎಂದು ಆತ ಆಮೇಲೆ ಹೇಳಿದ. ಹಿಂದಿಕ್ಕಿದ ಆ ಕಾರಿನ ಗತಿಯನ್ನು ಯೋಚಿಸಲು ಮನಸ್ಸಾಗುವುದಿಲ್ಲ.

ಅದು ಇಟಲಿಯ ಜಿನೋವಾ ನಗರ. ಆಗಸ್ಟ್ 14ರ ಬೆಳಗ್ಗೆ 11 ಗಂಟೆ 36 ನಿಮಿಷ. ಮರುದಿನ ಇಟಲಿಯವರ ದೊಡ್ಡ ಬೇಸಿಗೆ ಹಬ್ಬ. ರಜೆಗೆಂದು ಸಮುದ್ರ ತೀರಕ್ಕೆ ಹೊರಟ ಕುಟುಂಬಗಳು, ಬಂದರಿಗೆ ಸರಕು ಸಾಗಿಸುವವರು, ದುಡಿಮೆಗೆ ಹೊರಟವರು ಆ ಹೊತ್ತಿನಲ್ಲಿ ಸೇತುವೆಯ ಮೇಲಿದ್ದರು. ಪೊಲ್ಚೆವೆರಾ ನದಿಯ ಕಣಿವೆಗೆ ಅಡ್ಡಲಾಗಿ ಕಟ್ಟಿದ, 1182 ಮೀಟರು ಉದ್ದದ ಆ ಕಾಂಕ್ರೀಟ್ ಸೇತುವೆಯಲ್ಲಿ ಸುಮಾರು 210 ಮೀಟರಿನಷ್ಟು ಭಾಗ ಕೆಲವೇ ಕ್ಷಣಗಳಲ್ಲಿ ಕಳಚಿ ಬಿತ್ತು. 43 ಮಂದಿ ಸತ್ತರು.

ಪೊಲ್ಚೆವೆರಾ ದೊಡ್ಡ ನದಿಯೇನಲ್ಲ. ಬೇಸಿಗೆಯಲ್ಲಿ ಕಲ್ಲುಗುಂಡುಗಳೇ ಹೆಚ್ಚಾಗಿ ಕಾಣುವ ಹರವಾದ ಪಾತ್ರ. ಆದರೆ ಅದರ ಕಣಿವೆ ಗಿಜಿಗುಡುವ ಜಾಗ. ರೈಲು ಹಳಿಗಳು, ಗೋದಾಮುಗಳು, ಕಾರ್ಖಾನೆಗಳು, ರೈಲ್ವೆ ಕಾರ್ಮಿಕರಿಗಾಗಿ ಕಟ್ಟಿದ ಹಳೆಯ ವಸತಿ ಕಟ್ಟಡಗಳು ಎಲ್ಲವೂ ಅಲ್ಲಿವೆ. ನೆಲದಿಂದ 45 ಮೀಟರು ಎತ್ತರದಲ್ಲಿ, ಆ ಎಲ್ಲ ಬದುಕಿನ ನೆತ್ತಿಯ ಮೇಲೆ ಹೆದ್ದಾರಿ ಹಾದುಹೋಗುತ್ತಿತ್ತು. ಮನೆಗಳು ಮೊದಲೇ ಇದ್ದವು, ಸೇತುವೆ ಆಮೇಲೆ ಬಂತು. ಕಣಿವೆಯಲ್ಲಿದ್ದವರು ತಲೆಯೆತ್ತಿದರೆ ಆಕಾಶಕ್ಕೆ ಮೊದಲು ಸೇತುವೆಯ ಹೊಟ್ಟೆ ಕಾಣಿಸುತ್ತಿತ್ತು.

ಭೂಕಂಪದಿಂದ ಊರು ಕುಸಿದರೆ ನಾವು ದುಃಖಿಸುತ್ತೇವೆ. ಯುದ್ಧದಲ್ಲಿ ಸೇತುವೆ ಸಿಡಿದರೆ ಸಿಡಿಸಿದವರನ್ನು ಶಪಿಸುತ್ತೇವೆ. ಜಿನೋವಾದಲ್ಲಿ ಭೂಮಿ ಕಂಪಿಸಿರಲಿಲ್ಲ, ಬಾಂಬೂ ಬಿದ್ದಿರಲಿಲ್ಲ. ಜೋರು ಮಳೆ ಸುರಿಯುತ್ತಿತ್ತು ನಿಜ, ಆದರೆ ಮಳೆಗೆ ಬೀಳುವ ಸೇತುವೆಯನ್ನು ಯಾರಾದರೂ ಕಟ್ಟುತ್ತಾರೆಯೇ? ಅದು ಬಿದ್ದದ್ದು ಒಳಗಿನಿಂದ. ಒಳಗೆ ರೋಗವಿದೆ ಎಂಬುದು ಹಲವರಿಗೆ ಹಲವು ಪ್ರಮಾಣದಲ್ಲಿ, ಹಲವು ವರ್ಷಗಳಿಂದ ಗೊತ್ತಿತ್ತು. ನಮ್ಮನ್ನು ಕಾಡುವುದು ಈ 'ಗೊತ್ತಿತ್ತು' ಎಂಬ ಪದ. ಒಂದು ಸಂಗತಿ ಗೊತ್ತಿರುವುದು ಯಾವ ಗಳಿಗೆಯಲ್ಲಿ ಕರ್ತವ್ಯವಾಗಿ ಮಾರ್ಪಡುತ್ತದೆ? ಖಚಿತವಾಗಿ ಗೊತ್ತಾದಾಗಲೇ? ಅಥವಾ ಅದಕ್ಕೂ ಬಹಳ ಮೊದಲೇ?

ಈ ಸೇತುವೆಯನ್ನು ಕಟ್ಟಿದ್ದು 1963ರಿಂದ 1967ರವರೆಗೆ. ಎರಡನೆಯ ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ಇಟಲಿ ಆಗ ತಲೆಯೆತ್ತಿ ನಿಲ್ಲುತ್ತಿದ್ದ ಕಾಲ. ವಿನ್ಯಾಸಕಾರ ರಿಕಾರ್ಡೊ ಮೊರಾಂಡಿ. 1967ರ ಸೆಪ್ಟೆಂಬರ್ 4ರಂದು ಅಧ್ಯಕ್ಷ ಜುಸೆಪ್ಪೆ ಸರಗಾಟ್ ಅದನ್ನು ಉದ್ಘಾಟಿಸಿದರು. ತೊಂಬತ್ತು ಮೀಟರು ಎತ್ತರದ ಮೂರು ಗೋಪುರಗಳು, ಪ್ರತಿ ಗೋಪುರದ ನೆತ್ತಿಯಿಂದ ರಸ್ತೆಯ ಹಾಸನ್ನು ಎತ್ತಿ ಹಿಡಿಯಲು ಇಳಿಬಿಟ್ಟ ನಾಲ್ಕು ಎಳೆಗಳು. ಅಮೆರಿಕದ ಬ್ರೂಕ್ಲಿನ್ ಸೇತುವೆಗೆ ಹೋಲಿಸಿ ಊರಿನ ಜನ ಹೆಮ್ಮೆಪಟ್ಟರು. ಹೆಮ್ಮೆ ಸುಳ್ಳಾಗಿರಲಿಲ್ಲ.

ಮೊರಾಂಡಿಯವರ ಜಾಣ್ಮೆ ಇದ್ದದ್ದು ಆ ಎಳೆಗಳಲ್ಲಿ. ಬೇರೆಯವರು ಉಕ್ಕಿನ ಹಗ್ಗಗಳನ್ನು ಹೊರಗೆ ಕಾಣುವಂತೆ ಕಟ್ಟುವಲ್ಲಿ ಇವರು ಉಕ್ಕಿನ ತಂತಿಗಳ ಕಟ್ಟನ್ನು ಕಾಂಕ್ರೀಟಿನೊಳಗೆ ಹುದುಗಿಸಿದರು. ಗಾಳಿ, ಮಳೆ ತಾಗದಂತೆ ಕಾಂಕ್ರೀಟು ಉಕ್ಕನ್ನು ಕಾಪಾಡುತ್ತದೆ ಎಂಬುದು ಲೆಕ್ಕಾಚಾರ. ಮೊದಮೊದಲು ಕಾಪಾಡುತ್ತದೆ ಕೂಡ. ಕಾಂಕ್ರೀಟಿನಲ್ಲಿರುವ ಕ್ಷಾರಗುಣದಿಂದ ಉಕ್ಕಿನ ಮೈಮೇಲೆ ತೆಳುವಾದ ಒಂದು ಪೊರೆ ಮೂಡಿ ತುಕ್ಕು ಹಿಡಿಯದಂತೆ ತಡೆಯುತ್ತದೆ. ಆದರೆ ಸಮುದ್ರದ ಗಾಳಿಯಲ್ಲಿರುವ ಉಪ್ಪು, ಹೊಗೆಯಲ್ಲಿರುವ ಆಮ್ಲ ಸಣ್ಣ ಬಿರುಕುಗಳಲ್ಲಿ ಇಳಿಯುತ್ತಾ ಹೋದಂತೆ ಆ ಪೊರೆ ಹರಿಯುತ್ತದೆ. ಉಕ್ಕು ತುಕ್ಕಾದಾಗ ಉಬ್ಬುತ್ತದೆ, ಉಬ್ಬಿದಾಗ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಸೀಳಿನಿಂದ ಮತ್ತಷ್ಟು ನೀರು ಒಳಗೆ ಹೋಗುತ್ತದೆ.

ಇದನ್ನು ಅರ್ಥಮಾಡಿಕೊಳ್ಳಲು ಕರಾವಳಿಯ ಓದುಗರು ಇಂಜಿನಿಯರ್ ಆಗಬೇಕಿಲ್ಲ. ಎಂಬತ್ತರ, ತೊಂಬತ್ತರ ದಶಕದಲ್ಲಿ ಗಲ್ಫಿನ ದುಡಿಮೆಯಿಂದ ಕಟ್ಟಿಸಿದ ತಾರಸಿ ಮನೆಗಳು ಸಮುದ್ರದ ಬದಿಯ ಊರುಗಳಲ್ಲಿ ಇವತ್ತು ಹೇಗಿವೆ ಎಂದು ಒಮ್ಮೆ ನೋಡಿದರೆ ಸಾಕು. ಒಂದು ದಿನ ಅಡುಗೆಮನೆಯ ಮಾಡಿನಿಂದ ಗಾರೆಯ ಹಕ್ಕಳೆ ಬೀಳುತ್ತದೆ. ನೋಡಿದರೆ ಒಳಗಿನ ಸರಳು ಕೆಂಪಾಗಿ ಹಲ್ಲು ಕಿರಿಯುತ್ತಿರುತ್ತದೆ. ಮೇಸ್ತ್ರಿಯನ್ನು ಕರೆದು ಸಿಮೆಂಟು ಬಳಿಸಿ ಸುಣ್ಣ ಹೊಡೆಸುತ್ತೇವೆ. ಮನೆ ಮತ್ತೆ ಚೆಂದ ಕಾಣುತ್ತದೆ. ಒಳಗಿನ ತುಕ್ಕು ಮಾತ್ರ ತನ್ನ ಕೆಲಸ ನಿಲ್ಲಿಸಿರುವುದಿಲ್ಲ. (ನಮ್ಮ ಮನೆಯಲ್ಲೂ ಹಾಗೆಯೇ ಮಾಡಿದ್ದೇವೆ, ಎರಡು ಸಲ.)

ಜಿನೋವಾದಲ್ಲಿ ಇನ್ನೂ ಒಂದು ತೊಡಕಿತ್ತು. ತಂತಿಗಳು ಕಾಂಕ್ರೀಟಿನೊಳಗೆ ಮುಚ್ಚಿಹೋಗಿದ್ದರಿಂದ ಎಷ್ಟು ತುಕ್ಕು ಹಿಡಿದಿದೆ ಎಂದು ಹೊರಗಿನಿಂದ ಕಣ್ಣಿಗೆ ಕಾಣುವಂತಿರಲಿಲ್ಲ. ಕಾಪಾಡಲು ಹೊದಿಸಿದ್ದೇ ರೋಗವನ್ನು ಮರೆಮಾಡುವ ಹೊದಿಕೆಯೂ ಆಯಿತು. ಎಳೆಗಳ ಸಂಖ್ಯೆಯೂ ಕಡಿಮೆ. ಈಗಿನ ಸೇತುವೆಗಳಲ್ಲಿ ಹತ್ತಾರು ಹಗ್ಗಗಳಿರುತ್ತವೆ, ಒಂದು ಕಡಿದರೆ ಉಳಿದವು ಭಾರ ಹೊರುತ್ತವೆ. ಇಲ್ಲಿ ಒಂದು ಎಳೆ ಹೋದರೆ ಅದರ ಭಾರ ಹೊರಲು ಇನ್ನೊಂದಿರಲಿಲ್ಲ.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಯಾರು? ಕಟ್ಟಿದವರೇ. 1979ರಲ್ಲಿ, ಎಂದರೆ ಉದ್ಘಾಟನೆಯಾದ ಹನ್ನೆರಡೇ ವರ್ಷಕ್ಕೆ ಮೊರಾಂಡಿ ತಮ್ಮ ಸೇತುವೆಯ ಬಗ್ಗೆ ಒಂದು ಪ್ರಬಂಧ ಬರೆದರು. ಸಮುದ್ರದ ಕಡೆಯಿಂದ ಬೀಸುವ ಗಾಳಿ ಹತ್ತಿರದ ಉಕ್ಕಿನ ಕಾರ್ಖಾನೆಯ ಹೊಗೆಯನ್ನೂ ಹೊತ್ತು ತರುತ್ತದೆ, ಎಣಿಸಿದ್ದಕ್ಕಿಂತ ಬೇಗ ಕಾಂಕ್ರೀಟು ಹಾಳಾಗುತ್ತಿದೆ, ತುಕ್ಕನ್ನು ಕೆರೆದು ತೆಗೆದು ರಾಳ ತುಂಬಿ ಮೇಲ್ಮೈಗೆ ರಕ್ಷಣೆ ಕೊಡಬೇಕು ಎಂದು ಅವರು ತಿಳಿಸಿದ್ದರು. ತನ್ನ ಅತ್ಯಂತ ಹೆಸರಾದ ಕೃತಿಯಲ್ಲಿ ದೋಷ ಕಾಣುತ್ತಿದೆ ಎಂದು ಒಬ್ಬ ಮನುಷ್ಯ ತಾನೇ ಬರೆಯುವುದು ಸುಲಭವಲ್ಲ. ಸೇತುವೆ ಬಿದ್ದ ಮೇಲೆ ಮೊರಾಂಡಿಯವರ ಹೆಸರಿಗೆ ಮಸಿ ಬಳಿಯಲು ಅವಸರಪಟ್ಟವರು ಈ ಮಾತನ್ನು ಮರೆಯಬಾರದಿತ್ತು. 1989ರಲ್ಲಿ ತೀರಿಹೋದ ಅವರು ಉತ್ತರ ಕೊಡಲು ಬರುವಂತಿರಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಪರೀಕ್ಷೆ ನಡೆಯಿತು. ಮೂರು ಗೋಪುರಗಳ ಪೈಕಿ 11ನೆಯ ಸಂಖ್ಯೆಯದರ ಎಳೆಗಳಲ್ಲಿ ತಂತಿಗಳು ಬಹಳವಾಗಿ ಸವೆದಿದ್ದು ಗೊತ್ತಾಗಿ ಹೊರಗಿನಿಂದ ಹೊಸ ಉಕ್ಕಿನ ಹಗ್ಗಗಳನ್ನು ಬಿಗಿದರು. 9 ಮತ್ತು 10ನೆಯವಕ್ಕೆ ಅಂಥ ಕಟ್ಟು ಬೀಳಲಿಲ್ಲ. ಅಲ್ಲಿನ ಹಾನಿ ಅಷ್ಟಿಲ್ಲ ಎಂದು ಆಗ ಅನಿಸಿತ್ತು. ಬಿದ್ದದ್ದು 9ನೆಯದು.

ಒಂದೇ ದಿನ, ಒಂದೇ ಸಾಮಗ್ರಿಯಿಂದ, ಒಂದೇ ಗಾಳಿಯಲ್ಲಿ ನಿಂತ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕ್ಷಯ ಎಂದು ತಿಳಿದ ಮೇಲೆ ಉಳಿದಿಬ್ಬರ ಎದೆಯನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಯಾವ ವೈದ್ಯನಿಗೂ ಸಹಜ. ಇಲ್ಲಿ ಕಾಲು ಶತಮಾನ ಕಳೆಯಿತು. 2017ರಲ್ಲಿ ಮಿಲಾನಿನ ತಾಂತ್ರಿಕ ವಿಶ್ವವಿದ್ಯಾಲಯದ ತಜ್ಞರು 9ನೆಯ ಗೋಪುರದ ಎಳೆಗಳ ವರ್ತನೆ ಸರಿಯಾಗಿಲ್ಲ ಎಂದು ಗುರುತಿಸಿದರು. 9 ಮತ್ತು 10ನೆಯ ಗೋಪುರಗಳನ್ನು ಬಲಪಡಿಸುವ ಸುಮಾರು 2 ಕೋಟಿ ಯೂರೋ ಯೋಜನೆ ಸಿದ್ಧವಾಯಿತು, ಕಚೇರಿಗಳ ಮೇಜುಗಳನ್ನು ದಾಟಿ 2018ರ ಬೇಸಿಗೆಯ ಹೊತ್ತಿಗೆ ಒಪ್ಪಿಗೆಯೂ ಸಿಕ್ಕಿತು. ಮಳೆಗಾಲದ ಮೋಡಗಳು ಬರುವ ಹೊತ್ತಿಗೆ ಕೆಲಸ ಶುರುವಾಗಬೇಕಿತ್ತು. ಅಲ್ಲಿಯವರೆಗೆ ಸೇತುವೆ ತೆರೆದೇ ಇತ್ತು. ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ವಾಹನಗಳು ಅದರ ಮೇಲೆ ಹಾಯುತ್ತಿದ್ದವು.

ದುರಂತ ನಡೆದಾಗ ಹಣದಾಸೆಯ ಮೇಲೆ ಎಲ್ಲವನ್ನೂ ಹೊರಿಸಿಬಿಡುವುದು ಸುಲಭ. ಹಣದಾಸೆ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಇಟಲಿಯ ಹೆದ್ದಾರಿಗಳನ್ನು 1999ರಲ್ಲಿ ಖಾಸಗಿಯವರಿಗೆ ವಹಿಸಲಾಗಿತ್ತು. ಟೋಲ್ ಸಂಗ್ರಹಿಸುವ ಆಟೋಸ್ಟ್ರಾಡೆ ಕಂಪನಿಯ ಹಿಂದೆ ಬೆನೆಟ್ಟನ್ ಕುಟುಂಬದ ಬಂಡವಾಳವಿತ್ತು. ಆ ಕುಟುಂಬದ ಹಿಡುವಳಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾನಿ ಮಿಯಾನ್ 2023ರಲ್ಲಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. 2010ರ ಒಂದು ಸಭೆಯಲ್ಲಿ ಸೇತುವೆಯ ವಿನ್ಯಾಸದಲ್ಲೇ ದೋಷವಿರುವ ಮಾತು ಬಂತು, ಅದು ಸುರಕ್ಷಿತ ಎಂದು ಪ್ರಮಾಣಪತ್ರ ಕೊಡುವವರು ಯಾರು ಎಂದು ತಾನು ಕೇಳಿದೆ, ನಾವೇ ಕೊಟ್ಟುಕೊಳ್ಳುತ್ತೇವೆ ಎಂಬ ಉತ್ತರ ಸಿಕ್ಕಿತು, ತಾನು ಸುಮ್ಮನಾದೆ ಎಂಬುದು ಅವರ ಹೇಳಿಕೆಯ ತಿರುಳು. ಉಳಿದವರು ಇದನ್ನು ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು. ಹದಿಮೂರು ವರ್ಷಗಳ ನಂತರ ಒಬ್ಬ ವೃದ್ಧ ಮನುಷ್ಯ ಎದ್ದು ನಿಂತು ನಾನು ಸುಮ್ಮನಿದ್ದೆ ಎಂದು ಹೇಳಿದ್ದನ್ನು ಓದಿದಾಗ ನಮಗೆ ಕೋಪಕ್ಕಿಂತ ಮೊದಲು ಒಂದು ಬಗೆಯ ಗುರುತು ಸಿಕ್ಕಂತಾಯಿತು. ಸಭೆಗಳಲ್ಲಿ ನಾವೂ ಕುಳಿತಿದ್ದೇವೆ. ಒಂದು ಪ್ರಶ್ನೆ ಕೇಳಿ, ಬಂದ ಉತ್ತರ ಸರಿಯಿಲ್ಲ ಎಂದು ಒಳಗೆ ಗೊತ್ತಿದ್ದೂ, ಚಹಾ ಬಂದಾಗ ವಿಷಯ ಬದಲಾಗಲು ಬಿಟ್ಟಿದ್ದೇವೆ.

ಹಣದ ಸೋಂಕಿಲ್ಲದವರೂ ಈ ಕತೆಯಲ್ಲಿದ್ದಾರೆ. ಸೇತುವೆಯ ಭಾರ ಕಡಿಮೆ ಮಾಡಲು ನಗರದ ಹೊರಗಿನಿಂದ ಒಂದು ಬಳಸು ಹೆದ್ದಾರಿ ಕಟ್ಟುವ ಪ್ರಸ್ತಾಪ ಬಹುಕಾಲದಿಂದ ಇತ್ತು. ಬೆಟ್ಟ ಅಗೆಯುತ್ತಾರೆ, ಮನೆಗಳು ಹೋಗುತ್ತವೆ, ದುಡ್ಡು ಪೋಲಾಗುತ್ತದೆ ಎಂದು ಸ್ಥಳೀಯರು ವಿರೋಧಿಸಿದರು. ವಿರೋಧಕ್ಕೆ ನ್ಯಾಯವಾದ ಕಾರಣಗಳಿದ್ದವು. 2012ರಲ್ಲಿ ಊರಿನ ಉದ್ಯಮಿಗಳ ಸಂಘದ ಅಧ್ಯಕ್ಷರು, ಇನ್ನು ಹತ್ತು ವರ್ಷಕ್ಕೆ ಈ ಸೇತುವೆ ಬಿದ್ದಾಗ ಬೇಡ ಎಂದವರ ಹೆಸರು ನೆನಪಾಗುತ್ತದೆ ಎಂಬರ್ಥದಲ್ಲಿ ಮಾತಾಡಿದ್ದರು. ಮರುವರ್ಷ ವಿರೋಧಿಗಳ ಸಮಿತಿ, ಸೇತುವೆ ಬೀಳುತ್ತದೆ ಎಂಬ ಮಾತನ್ನು ಕಟ್ಟುಕತೆ ಎಂದು ತಳ್ಳಿಹಾಕಿತು. ಅವರು ಕೆಟ್ಟವರಲ್ಲ. ಹೇಳುತ್ತಿರುವವನ ಲಾಭ ಯಾವುದರಲ್ಲಿದೆ ಎಂದು ನೋಡಿದರು, ಅವನ ಮಾತು ನಿಜವೇ ಎಂದು ನೋಡಲಿಲ್ಲ. ಸ್ವಾರ್ಥಿಯ ಬಾಯಿಂದ ಬಂದ ಎಚ್ಚರಿಕೆಯೂ ನಿಜವಾಗಿರಬಹುದು ಎಂಬುದನ್ನು ಒಪ್ಪುವುದು ಪ್ರಾಮಾಣಿಕರಿಗೆ ವಿಶೇಷವಾಗಿ ಕಷ್ಟ. ಈ ಪುಟಗಳಲ್ಲಿ ಬರೆಯುವ ನಮ್ಮಂಥವರಿಗೂ ಇದು ಅನ್ವಯಿಸುತ್ತದೆ.

ಇನ್ನು ಇಂಜಿನಿಯರುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಅನುಮಾನ ಬಂದ ಪ್ರತಿ ಸೇತುವೆಯನ್ನೂ ಮುಚ್ಚಿದರೆ ದೇಶ ನಡೆಯುತ್ತದೆಯೇ ಎಂದು ಅವರು ಕೇಳುತ್ತಾರೆ. ಇದು ಉಡಾಫೆಯ ಪ್ರಶ್ನೆಯಲ್ಲ. ಜಿನೋವಾ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಇಕ್ಕಟ್ಟಿನ ಊರು. ಆ ಸೇತುವೆ ಹೋದ ಮೇಲೆ ಊರು ಎರಡು ತುಂಡಾಯಿತು, ಬಂದರಿನ ಲಾರಿಗಳು ಬೀದಿಗಳಲ್ಲಿ ಸಿಕ್ಕಿಬಿದ್ದವು. 2017ರಲ್ಲಿ ಒಬ್ಬ ಅಧಿಕಾರಿ ಧೈರ್ಯ ಮಾಡಿ ಸೇತುವೆ ಮುಚ್ಚಿದ್ದರೆ ಏನಾಗುತ್ತಿತ್ತು? ವ್ಯಾಪಾರಿಗಳು ಮುಷ್ಕರ ಹೂಡುತ್ತಿದ್ದರು, ಪತ್ರಿಕೆಗಳು ಅವನನ್ನು ಹೆದರುಪುಕ್ಕಲ ಎನ್ನುತ್ತಿದ್ದವು. ಸೇತುವೆ ಕೂಡಲೇ ಬೀಳುತ್ತಲೂ ಇರಲಿಲ್ಲ. ನಿಂತೇ ಇದೆಯಲ್ಲ, ಸುಮ್ಮನೆ ಮುಚ್ಚಿದರು ಎಂದು ಜನ ಆಡಿಕೊಳ್ಳುತ್ತಿದ್ದರು. ಸಾಯದೆ ಉಳಿದ 43 ಮಂದಿಗೆ ತಾವು ಉಳಿದದ್ದೇ ಗೊತ್ತಾಗುತ್ತಿರಲಿಲ್ಲ. ಪ್ರಾಯಶಃ ಅವರೂ ಬೈಯುವವರ ಸಾಲಿನಲ್ಲೇ ಇರುತ್ತಿದ್ದರು, ಬಳಸು ದಾರಿಯಲ್ಲಿ ಹಾರ್ನ್ ಹೊಡೆಯುತ್ತಾ.

ಆದರೂ ಈ ವಾದದಲ್ಲಿ ಒಂದು ಕಳ್ಳ ಗಂಟಿದೆ ಎಂದು ನಮಗನಿಸುತ್ತದೆ. ಬೀಳುತ್ತದೆ ಎಂದು ಖಚಿತವಿಲ್ಲ, ಆದ್ದರಿಂದ ತೆರೆದಿಡೋಣ ಎಂಬುದು ಎಲ್ಲರ ನಡೆ. ನಿಲ್ಲುತ್ತದೆ ಎಂದು ಖಚಿತವಿಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು. ಒಂದೇ ಅನಿಶ್ಚಿತತೆ, ಎರಡು ಬದಿಯಿಂದ ನೋಡಿದ್ದು. ಪುರಾವೆ ಒದಗಿಸುವ ಹೊರೆಯನ್ನು ಯಾರ ಹೆಗಲಿಗೆ ಹೊರಿಸುತ್ತೇವೆ ಎಂಬುದರಲ್ಲಿ ನೈತಿಕತೆಯ ಪ್ರಶ್ನೆಯಿದೆ. ಹೆದರಿದವನು ತನ್ನ ಹೆದರಿಕೆಯನ್ನು ಸಾಬೀತು ಮಾಡಬೇಕೇ, ಅಥವಾ ಅಪರಿಚಿತರನ್ನು ದಾಟಿಸುವವನು ತನ್ನ ಭರವಸೆಯನ್ನು ಸಾಬೀತು ಮಾಡಬೇಕೇ? ಟೋಲ್ ಕೊಟ್ಟು ಸೇತುವೆಗೆ ಬರುವವನು ದುಡ್ಡಿನ ಜೊತೆಗೆ ತನ್ನ ವಿವೇಚನೆಯನ್ನೂ ಅಲ್ಲಿ ಒಪ್ಪಿಸಿಬಿಟ್ಟಿರುತ್ತಾನೆ. ಕಾರಿನಿಂದಿಳಿದು ಕಂಬ ತಟ್ಟಿ ನೋಡಿ ಮುಂದೆ ಹೋಗಲು ಅವನಿಗೆ ಸಾಧ್ಯವಿಲ್ಲ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗುವಿಗಂತೂ ಸೇತುವೆ ಬಂದದ್ದೇ ತಿಳಿಯದು. ತಾನೇ ನೋಡಿಕೊಳ್ಳಲಾರದವನ ಪರವಾಗಿ ನೋಡುವ ಜವಾಬ್ದಾರಿ ಹೊತ್ತವನಿಗೆ, ನನಗೆ ಖಚಿತವಾಗಿ ಗೊತ್ತಿರಲಿಲ್ಲ ಎಂಬ ಮಾತು ರಕ್ಷಣೆಯಾಗಲಾರದು. ಖಚಿತವಾಗಿ ಗೊತ್ತಿಲ್ಲ ಎಂಬುದು ಗೊತ್ತಾದ ಗಳಿಗೆಯಲ್ಲೇ ಅವನ ಕರ್ತವ್ಯ ಶುರುವಾಗಿತ್ತು.

ಅಮಾನತು ಎಂಬ ಪದ ನಮ್ಮ ಕನ್ನಡದಲ್ಲಿ ಎಂಥ ವಿಚಿತ್ರ ಪಯಣ ಮಾಡಿದೆ ನೋಡಿ. ಅರಬ್ಬಿಯಿಂದ ಬರುವಾಗ ಅದಕ್ಕೆ, ನಂಬಿ ಒಪ್ಪಿಸಿದ್ದು, ಕಾಪಾಡಿ ಮರಳಿಸಬೇಕಾದ ವಸ್ತು ಎಂದು ಅರ್ಥವಿತ್ತು. ಸರಕಾರಿ ಕಚೇರಿಗಳಲ್ಲಿ ಓಡಾಡಿ ಓಡಾಡಿ ಅದು ಈಗ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು ಎಂದಾಗಿದೆ. ಸೇತುವೆ ಬಿದ್ದಾಗ ಮೊದಲು ಕೇಳುವ ಸುದ್ದಿಯೂ ಅದೇ, ಇಂತಿಷ್ಟು ಅಧಿಕಾರಿಗಳ ಅಮಾನತು. ಮೊದಲಿನ ಅರ್ಥ ಉಳಿದಿದ್ದರೆ ಎರಡನೆಯದರ ಅಗತ್ಯ ಬೀಳುತ್ತಿರಲಿಲ್ಲವೇನೋ.

ತಪ್ಪು ಹಂಚಿಹೋದಾಗ ಕಡಿಮೆಯಾಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. 2022ರ ಜುಲೈಯಲ್ಲಿ ಜಿನೋವಾದಲ್ಲಿ 59 ಮಂದಿಯ ಮೇಲೆ ವಿಚಾರಣೆ ಆರಂಭವಾಯಿತು. ಕಂಪನಿಯವರು, ನಿರ್ವಹಣೆ ನೋಡಿಕೊಳ್ಳುತ್ತಿದ್ದ ಸಂಸ್ಥೆಯವರು, ಸರಕಾರದ ಇಲಾಖೆಯವರು ಎಲ್ಲರೂ ಅದರಲ್ಲಿದ್ದರು. ನ್ಯಾಯಾಲಯ ನೇಮಿಸಿದ ತಜ್ಞರು 9ನೆಯ ಗೋಪುರದ ಒಂದು ಎಳೆಯ ಮೇಲ್ತುದಿಯ ತುಕ್ಕೇ ಕುಸಿತಕ್ಕೆ ಕಾರಣ ಎಂದು 2020ರಲ್ಲಿ ವರದಿ ಕೊಟ್ಟಿದ್ದರು. ಕಟ್ಟುವಾಗಲೇ ಒಳಗೆ ಟೊಳ್ಳು ಉಳಿದಿತ್ತು, ಅದು ಯಾರಿಗೂ ಕಾಣುವಂತಿರಲಿಲ್ಲ ಎಂಬುದು ಆರೋಪಿಗಳ ಕಡೆಯ ವಾದ. 2025ರಲ್ಲೂ ವಾದಗಳು ನಡೆಯುತ್ತಲೇ ಇದ್ದವು. ಕಾನೂನಿನ ತೀರ್ಮಾನ ಕಾನೂನಿಗೆ ಬಿಟ್ಟದ್ದು. ಒಂದು ಮಾತು ಮಾತ್ರ ಹೇಳಬಹುದು, ಕಾಣುವಂತಿರಲಿಲ್ಲ ಎಂಬುದು ಬಗೆದು ನೋಡಲು ಕಾರಣವೇ ಹೊರತು ನೋಡದಿರಲು ಅಲ್ಲ.

ನಮ್ಮ ಹಳ್ಳಿಗಳಲ್ಲಿ ಕಟ್ಟೆಯಿಲ್ಲದ ಬಾವಿಗಳಿರುತ್ತಿದ್ದವು. ದಾರಿಯ ಪಕ್ಕದಲ್ಲೇ ಬಾವಿ. ಮಗುವೊಂದು ಬೀಳಬಹುದು ಎಂದು ಇಡೀ ಊರಿಗೆ ಗೊತ್ತು. ಬಾವಿಯ ಒಡೆಯ ಪಂಚಾಯತು ಕಟ್ಟಿಸಲಿ ಎನ್ನುತ್ತಾನೆ, ಪಂಚಾಯತಿನವರು ಒಡೆಯನಿಗೆ ನೋಟಿಸು ಕೊಟ್ಟಿದ್ದೇವೆ ಎನ್ನುತ್ತಾರೆ, ದಾರಿಹೋಕರು ಮಕ್ಕಳಿಗೆ ಅತ್ತ ಹೋಗಬೇಡಿ ಎಂದು ಗದರಿ ಮುಂದೆ ಹೋಗುತ್ತಾರೆ. ಒಂದು ದಿನ ಮಗು ಬೀಳುತ್ತದೆ. ಆಸ್ತಿಯನ್ನು ಐವತ್ತೊಂಬತ್ತು ಪಾಲು ಮಾಡಿದರೆ ಒಬ್ಬೊಬ್ಬನ ಪಾಲು ಚಿಕ್ಕದಾಗುತ್ತದೆ. ತಪ್ಪು ಹಾಗೆ ಪಾಲಾಗುವುದಿಲ್ಲ. ಒಬ್ಬನೇ ಒಬ್ಬ ಎರಡು ಬುಟ್ಟಿ ಕಲ್ಲು ತಂದು ಬಾವಿಯ ಸುತ್ತ ಪೇರಿಸಿದ್ದರೆ ಸಾಕಿತ್ತು ಎಂದಾದರೆ, ಪೇರಿಸದೆ ಹೋದ ಪ್ರತಿಯೊಬ್ಬನೂ ಇಡೀ ಮಗುವಿಗೆ ಉತ್ತರ ಹೇಳಬೇಕಾಗುತ್ತದೆ.

ಇದೇ ಮೊರಾಂಡಿ ಲಿಬಿಯಾದಲ್ಲೂ ಒಂದು ಸೇತುವೆ ಕಟ್ಟಿದ್ದಾರೆ. ಬೈದಾ ಪಟ್ಟಣದ ಬಳಿ ವಾದಿ ಅಲ್ ಕೂಫ್ ಎಂಬ ಆಳವಾದ ಕಣಿವೆಗೆ ಅಡ್ಡಲಾಗಿ, ಅದೇ ಮಾದರಿಯ ಕಾಂಕ್ರೀಟ್ ಎಳೆಗಳಿಂದ. ಎಪ್ಪತ್ತರ ದಶಕದ ಆರಂಭದಲ್ಲಿ ಅದು ಸಂಚಾರಕ್ಕೆ ತೆರೆಯಿತು. 2017ರಲ್ಲಿ ತಪಾಸಣೆ ಮಾಡಿದವರಿಗೆ ಬಿರುಕಿನ ಅನುಮಾನ ಬಂತು, ಸೇತುವೆಯನ್ನು ಮುಚ್ಚಿದರು. ಗದ್ದಾಫಿಯ ಪತನದ ನಂತರ ಎರಡು ಸರಕಾರಗಳು ಒಂದಕ್ಕೊಂದು ಬಂದೂಕು ಹಿಡಿದು ನಿಂತಿದ್ದ ದೇಶ ಅದು. ಆ ವರ್ಷ ಜಿನೋವಾದಲ್ಲೂ ವರದಿ ಬಂದಿತ್ತು. ಇದರಿಂದ ಲಿಬಿಯಾದವರು ಹೆಚ್ಚು ಒಳ್ಳೆಯವರೆಂದು ತೀರ್ಮಾನಿಸಲು ಬರುವುದಿಲ್ಲ. ಮುಚ್ಚುವುದರಿಂದ ಆಗುವ ನಷ್ಟ ಎರಡೂ ಕಡೆ ಒಂದೇ ಅಲ್ಲ. ಆದರೆ ಮುಚ್ಚುವುದು ಸಾಧ್ಯವೇ ಇರಲಿಲ್ಲ ಎಂಬ ಮಾತನ್ನು ಇನ್ನು ಯಾರೂ ಹೇಳುವಂತಿಲ್ಲ.

ಸತ್ತವರ ಅಂತ್ಯಸಂಸ್ಕಾರ ಆಗಸ್ಟ್ 18ರಂದು ಸರಕಾರಿ ಗೌರವದೊಂದಿಗೆ ನಡೆಯಿತು. ಅನೇಕ ಕುಟುಂಬಗಳು ಅದಕ್ಕೆ ಬರಲಿಲ್ಲ. ತಮ್ಮವರನ್ನು ತಮ್ಮ ಊರಿಗೆ ಒಯ್ದು ಸದ್ದಿಲ್ಲದೆ ಮಣ್ಣು ಮಾಡಿದರು. ಕಾಯಬೇಕಾದ ಹೊತ್ತಿನಲ್ಲಿ ಕಾಯದ ಸರಕಾರ ಶವಪೆಟ್ಟಿಗೆಯ ಮೇಲೆ ಹೂವಿಡಲು ಬಂದಾಗ ಬೇಡ ಎನ್ನುವ ಹಕ್ಕು ಅವರಿಗಿತ್ತು. ಸತ್ತವರಲ್ಲಿ ಇಟಲಿಯವರ ಜೊತೆ ಫ್ರಾನ್ಸಿನಿಂದ, ಚಿಲಿಯಿಂದ ಬಂದವರಿದ್ದರು. ಅಲ್ಬೇನಿಯಾದಿಂದ ಹೊಟ್ಟೆಪಾಡಿಗೆ ಬಂದ ಇಬ್ಬರು ಮುಸ್ಲಿಂ ತರುಣರಿದ್ದರು. ಬಿಷಪರ ಪ್ರಾರ್ಥನೆಯ ನಂತರ ಆ ಇಬ್ಬರಿಗಾಗಿ ಊರಿನ ಇಮಾಮರೂ ಪ್ರಾರ್ಥಿಸಿದರು, ನೆರೆದವರು ಚಪ್ಪಾಳೆ ತಟ್ಟಿದರು ಎಂದು ವರದಿಯಾಗಿತ್ತು. ಸೇತುವೆ ತನ್ನ ಮೇಲಿದ್ದವರ ಪಾಸ್‌ಪೋರ್ಟು ಕೇಳಿರಲಿಲ್ಲ.

ಬದುಕಿ ಉಳಿದವರ ಕಷ್ಟ ಬೇರೆ ಬಗೆಯದು. ಉಳಿದ ಗೋಪುರಗಳೂ ಬೀಳಬಹುದೆಂದು ಕೆಳಗಿನ ಕಟ್ಟಡಗಳಿಂದ ಐನೂರಕ್ಕೂ ಹೆಚ್ಚು ಜನರನ್ನು ಅಂದೇ ಎಬ್ಬಿಸಿದರು. ಎರಡು ತಿಂಗಳ ನಂತರ ಅಗ್ನಿಶಾಮಕ ದಳದವರ ಜೊತೆ ಕೆಲವು ಗಂಟೆಗಳ ಮಟ್ಟಿಗೆ ಒಳಗೆ ಹೋಗಿ ಬೇಕಾದ್ದನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಕೊಳ್ಳಲು ಬಿಟ್ಟರು. ಜೀವಮಾನದ ಮನೆಯಿಂದ ಏನನ್ನು ತೆಗೆದುಕೊಳ್ಳುವುದು? 2019ರ ಜೂನ್ 28ರಂದು ಉಳಿದೆರಡು ಗೋಪುರಗಳನ್ನು ಸಿಡಿಮದ್ದಿಟ್ಟು ಕೆಡವಿದರು. ಮನೆಗಳೂ ಹೋದವು. ಜಿನೋವಾದವರೇ ಆದ ವಾಸ್ತುಶಿಲ್ಪಿ ರೆಂಜೊ ಪಿಯಾನೊ ವಿನ್ಯಾಸ ಮಾಡಿಕೊಟ್ಟ ಹೊಸ ಸೇತುವೆ 2020ರ ಆಗಸ್ಟ್ 3ರಂದು, ಕೋವಿಡ್ ನಡುವೆಯೂ, ಉದ್ಘಾಟನೆಯಾಯಿತು. ಸತ್ತವರ ನೆನಪಿಗೆ ಕೆಳಗೆ 43 ಮರಗಳನ್ನು ನೆಟ್ಟಿದ್ದಾರೆ. ಹೊಸ ಸೇತುವೆಯ ಮೈತುಂಬ ಸಂವೇದಕಗಳಿವೆ, ಅಡಿಭಾಗವನ್ನು ತಪಾಸಣೆ ಮಾಡಲು ರೋಬೋಟುಗಳಿವೆ. ಒಳ್ಳೆಯದೇ. ಆದರೆ 2017ರ ವರದಿಯೂ ಒಂದು ಸಂವೇದಕವೇ ಆಗಿತ್ತು. ಯಂತ್ರ ಅಂಕಿ ಕಳಿಸುತ್ತದೆ. ಅದನ್ನು ಓದಿ, ಎದ್ದು ಹೋಗಿ, ಗೇಟು ಹಾಕಬೇಕಾದವನು ಮನುಷ್ಯ.

2018ರ ಜೂನ್‌ನಲ್ಲಿ, ಜಿನೋವಾಕ್ಕಿಂತ ಎರಡು ತಿಂಗಳು ಮೊದಲು, ನಮ್ಮ ದಕ್ಷಿಣ ಕನ್ನಡದ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಿತ್ತು. ಯಾರೂ ಸಾಯಲಿಲ್ಲ, ಆದ್ದರಿಂದ ಹೊರಗಿನವರು ಬೇಗ ಮರೆತರು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ನಾಲ್ಕು ದಶಕ ಹಳೆಯದು, ಕಾಂಕ್ರೀಟಿನದು, ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತದ್ದು. ಪಕ್ಕದಲ್ಲೇ ಹೊಸದು ಕಟ್ಟಿದ ಮೇಲೂ ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಬಳಸುತ್ತಲೇ ಇದ್ದರು. ಗೋವಾ ಕಡೆಯಿಂದ ಬಂದ ಲಾರಿಯೊಂದು ಅದರೊಂದಿಗೆ ನೀರಿಗೆ ಬಿತ್ತು. ತಮಿಳುನಾಡಿನ ಆ ಚಾಲಕನನ್ನು ಪೊಲೀಸರು ಮತ್ತು ಮೀನುಗಾರರು ಸೇರಿ ಕತ್ತಲಲ್ಲಿ ಮೇಲೆತ್ತಿದರು. ಹಗಲು ಹೊತ್ತು ಬಿದ್ದಿದ್ದರೆ ಎಷ್ಟು ಮಂದಿ ಇರುತ್ತಿದ್ದರೋ.

ಆ ಮಳೆಗಾಲ ಮುಗಿದ ಮೇಲೆ ಒಮ್ಮೆ ನಾವು ಕಾರವಾರದಿಂದ ಸದಾಶಿವಗಡದ ಕಡೆಗೆ ಬಸ್ಸಿನಲ್ಲಿ ಹೋಗಬೇಕಾಗಿ ಬಂತು. ಬಸ್ಸು ಹೊಸ ಸೇತುವೆಗೆ ಏರುತ್ತಿದ್ದಂತೆ ಜನರೆಲ್ಲ ಕಿಟಕಿಯ ಕಡೆ ಬಾಗಿದರು. ನೀರಿನಲ್ಲಿ ಹಳೆಯ ಸೇತುವೆಯ ತುಂಡುಗಳು ಓರೆಯಾಗಿ ಬಿದ್ದಿದ್ದವು. ಮುರಿದ ತುದಿಯಲ್ಲಿ ಸರಳುಗಳು ಹೊರಗೆ ಚಾಚಿದ್ದವು. ಮಡಿಲಲ್ಲಿ ಮೊಮ್ಮಗುವನ್ನು ಕೂರಿಸಿಕೊಂಡ ಒಬ್ಬ ಅಜ್ಜಿ ಕಂಡಕ್ಟರನ್ನು ಕೇಳಿದರು, "ತಮ್ಮಾ, ಇದಾದರೂ ಗಟ್ಟಿ ಉಂಟಲ್ಲ?" ಆತ ಟಿಕೆಟು ಹರಿಯುತ್ತಾ ಹೇಳಿದ, "ಗಟ್ಟಿ ಉಂಟಂತೆ ಅಮ್ಮಾ. ಪರೀಕ್ಷೆ ಮಾಡಿದ್ದಾರಂತೆ." ಅಜ್ಜಿ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಬಸ್ಸು ಆಚೆ ದಡ ಸೇರುವ ತನಕ ಯಾರೂ ಮಾತಾಡಲಿಲ್ಲ.